ಬಿಸಿಲಿಗೆ ಹಾಕಿದ ಬೀಜ

ಪಟ್ಟಣದ ತರಬೇತಿ ಕೇಂದ್ರಕ್ಕೆ ರೈತರ ಹೊಸ ತಂಡ ಬಂದಾಗಲೆಲ್ಲ ಅವನಿಗೆ ಫೋನು ಬರುತ್ತದೆ. ಅಲ್ಲಿನ ಮೇಡಂ ಮೈಕು ಹಿಡಿದು, “ಇವರು ನಮ್ಮ ಯಶಸ್ವಿ ಉದ್ಯಮಿ, ಇವರ ಅನುಭವ ಕೇಳಿ” ಎಂದು ಪರಿಚಯ ಮಾಡಿಕೊಡುತ್ತಾರೆ. ಅವನು ಎದ್ದು ನಿಂತು, ಅಂಗಿಯ ತುದಿ ಜಗ್ಗಿ ಸರಿಮಾಡಿಕೊಂಡು, “ಯಶಸ್ಸೆಲ್ಲ ನನ್ನ ಹೆಂಡತೀದು. ನನ್ನದು ಬರೀ ಅನುಭವ” ಎನ್ನುತ್ತಾನೆ. ಜನ ಅದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟುತ್ತಾರೆ. ಅದು ವಿನಯವಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದ್ದು ಎಂಬುದು ಮುಂದಿನ ಅರ್ಧ ಗಂಟೆಯಲ್ಲಿ ಅವರಿಗೇ ತಿಳಿಯುತ್ತದೆ.

ಊರಿನಲ್ಲಿ ಅವನನ್ನು ಎಲ್ಲರೂ ಉದ್ಯಮಿ ಎಂದೇ ಕರೆಯುವುದು. ಗೌರವಕ್ಕೆ ಬಂದ ಹೆಸರೇನಲ್ಲ. ಬೀದಿಯ ಕೊನೆಯ ಕ್ಷೌರದಂಗಡಿಯವನು ಅವನ ಗಡ್ಡಕ್ಕೆ ಸೋಪು ಹಚ್ಚುತ್ತ, ಅಂದರೆ ಅವನು ಬಾಯಿ ತೆರೆದು ಪ್ರತಿಭಟಿಸಲಾಗದ ಹೊತ್ತು ನೋಡಿ, ಇಟ್ಟ ಹೆಸರು ಅದು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಓಗೊಡುವುದು ರೂಢಿಯಾಯಿತು. ಈಗಂತೂ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ತನ್ನ ಪಾಡಿಗೆ ನಡೆದುಬಿಡುತ್ತಾನೆ.

ಅವನಿಗಿರುವುದು ಎರಡು ಎಕರೆ. ಒಂದರಲ್ಲಿ ಈರುಳ್ಳಿ, ಹುರುಳಿಕಾಯಿ ಬೆಳೆಯುತ್ತವೆ. ಇನ್ನೊಂದರಲ್ಲಿ ಹೆಚ್ಚಾಗಿ ಕಲ್ಲು ಬೆಳೆಯುತ್ತದೆ. ಹೊಲ ಕೊಟ್ಟದ್ದು ಅರ್ಧ ವರ್ಷಕ್ಕೆ ಸಾಕಾಗುತ್ತಿತ್ತು. ಉಳಿದರ್ಧ ವರ್ಷದ ಭಾರವೆಲ್ಲ ಅವನ ಹೆಂಡತಿಯ ಸೊಂಟದ ಮೇಲೆ. ಅವಳು ಹನ್ನೆರಡು ಹೆಂಗಸರ ಗುಂಪಿನಲ್ಲಿ ಒಬ್ಬಳಾಗಿ ದೊಡ್ಡ ಜಮೀನುದಾರರ ಹೊಲಗಳಿಗೆ ಕಳೆ ಕೀಳಲು ಹೋಗುತ್ತಿದ್ದಳು. ಗುಂಪನ್ನು ನಡೆಸುವವಳು ಮೇಸ್ತ್ರಿ ಅಕ್ಕ. ಹನ್ನೆರಡು ಅಂದರೆ ಹನ್ನೆರಡೇ; ಒಬ್ಬಳು ಬಿಟ್ಟರೆ ಆ ಜಾಗಕ್ಕೆ ನಾಲ್ಕು ಜನ ಕಾಯುತ್ತಿರುತ್ತಾರೆ. ಅವನ ಹೆಂಡತಿ ಹದಿನಾಲ್ಕು ವರ್ಷದಿಂದ ಆ ಸಾಲಿನಲ್ಲಿ ಬಗ್ಗಿದವಳು. ಸಂಜೆ ಮನೆಗೆ ಬಂದು, ಒಲೆ ಹಚ್ಚುವ ಮೊದಲು, ಅಡುಗೆಮನೆಯ ತಣ್ಣನೆಯ ನೆಲದ ಮೇಲೆ ಹತ್ತು ನಿಮಿಷ ಬೋರಲು ಮಲಗುತ್ತಿದ್ದಳು. ಯಾರೂ ಮಾತಾಡಿಸಬಾರದು. ಆ ಹತ್ತು ನಿಮಿಷ ಅವನು ಏನೋ ಕೆಲಸವಿದ್ದವನಂತೆ ಹೊರಗೆ ಹೋಗಿಬಿಡುತ್ತಿದ್ದ. ನಾಚಿಕೆಯಾಗುತ್ತಿತ್ತು, ಅಷ್ಟೇ.

ಹೀಗಿರುವಾಗ ತರಬೇತಿ ಕೇಂದ್ರದ ಮೂರು ದಿನದ ಶಿಬಿರ ಬಂತು. ಊಟ, ಚಹಾ, ಕೊನೆಗೆ ಪ್ರಮಾಣಪತ್ರ. ವಿಷಯ: ಅಣಬೆ ಬೇಸಾಯ. ಮೊದಲನೇ ದಿನವೇ ಮೇಡಂ ಹೇಳಿದ ಮಾತು ಅವನ ಎದೆಗೆ ನಾಟಿತು. “ಹೊಲ ಒಂದನ್ನೇ ನಂಬಿದ್ರೆ ವರ್ಷಕ್ಕೆ ಎರಡು ಸಲ ಮಾತ್ರ ಕೈಗೆ ಕಾಸು. ಅದರ ಜೊತೆಗೆ ಮನೇಲೇ ಒಂದು ಸಣ್ಣ ಉದ್ಯಮ ಇದ್ರೆ ವಾರ ವಾರ ಬರುತ್ತೆ. ಬಡತನ ಹೋಗೋದು ಹಾಗೇನೇ, ಸ್ವಲ್ಪ ಸ್ವಲ್ಪವಾಗಿ.” ಅವನು ಎಲ್ಲವನ್ನೂ ಕೇಳಿಸಿಕೊಂಡ. ‘ಸಣ್ಣ’ ಎಂಬುದನ್ನೂ ‘ಸ್ವಲ್ಪ ಸ್ವಲ್ಪವಾಗಿ’ ಎಂಬುದನ್ನೂ ಮಾತ್ರ ಕೇಳಿಸಿಕೊಳ್ಳಲಿಲ್ಲ.

ಎರಡನೇ ದಿನ ಊಟದ ನಂತರ ಬೋರ್ಡಿನ ಮೇಲೆ ‘ಅಣಬೆ ಬೀಜ: ಇಡುವ ಕ್ರಮ, ಬಳಸುವ ಕ್ರಮ’ ಎಂದು ಬರೆದಿತ್ತು. ಅವನಿಗೆ ಒಳಗೊಳಗೇ ನಗು ಬಂತು. ಅಪ್ಪ, ಅಜ್ಜ, ಅವನಪ್ಪ ಎಲ್ಲರೂ ಮಣ್ಣಿನಲ್ಲೇ ಕೈಯಿಟ್ಟವರು. ಈ ರೈತನಿಗೆ ಬೀಜದ ಪಾಠವೇ? ಬೇಕಾದರೆ ನಾನೇ ಇವರಿಗೆ ಮಾಡುತ್ತೇನೆ ಎಂದುಕೊಂಡು ಮೆಲ್ಲನೆ ಎದ್ದು ಎದುರಿನ ಪ್ರಿಂಟಿಂಗ್ ಅಂಗಡಿಗೆ ಹೋದ. ಬೀಜದ ಪಾಠ ನಡೆದ ಆ ಒಂದೂವರೆ ಗಂಟೆಯಲ್ಲಿ ಅವನು ತನ್ನ ಹೆಸರಿನ ಇನ್ನೂರು ವಿಸಿಟಿಂಗ್ ಕಾರ್ಡಿಗೆ ಅಕ್ಷರ ಆರಿಸುತ್ತಿದ್ದ. ಅಂಗಡಿಯವನು, “ಮಾಲೀಕರು ಅಂತ ಹಾಕ್ಲಾ, ಪ್ರೊಪ್ರೈಟರ್ ಅಂತ ಹಾಕ್ಲಾ?” ಎಂದು ಕೇಳಿದ. “ಎರಡೂ ಹಾಕಿ” ಎಂದ.

ಮೂರನೇ ದಿನ ಸಂಜೆ ಪ್ರಮಾಣಪತ್ರ ಹಿಡಿದು ಮನೆಗೆ ಬಂದವನು ಚಪ್ಪಲಿ ಕೂಡ ಬಿಡದೆ ಹೆಂಡತಿಗೆ ಹೇಳಿದ:

“ನೋಡೇ, ನಾಳೆಯಿಂದ ನೀನು ಯಾರ ಹೊಲದಲ್ಲೂ ಬಗ್ಗೋ ಹಾಗಿಲ್ಲ.”

“ಅಣಬೆ ಬರ್ಲಿ, ಆಮೇಲೆ ನೋಡೋಣ.”

“ಬರುತ್ತೆ ಕಣೇ. ಇಪ್ಪತ್ತೈದೇ ದಿನ. ಇಲ್ಲಿ ಕೈ ಬೇಕು, ನೀನು ಅಲ್ಲಿ ಹೋಗಿ ಕಳೆ ಕಿತ್ಕೊಂಡು ಕೂತ್ರೆ ಉದ್ಯಮ ನಡೆಯುತ್ತಾ? ಈಗ್ಲೇ ಹೋಗಿ ಮೇಸ್ತ್ರಿ ಅಕ್ಕನಿಗೆ ಹೇಳಿ ಬಾ.”

ಅವಳು ಅವನ ಮುಖವನ್ನೂ ಪ್ರಮಾಣಪತ್ರವನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೋದಳು. ವಾಪಸು ಬಂದು “ಹೇಳಿ ಬಂದೆ” ಎಂದಳು. ಏನು ಹೇಳಿದೆ ಎಂದು ಕೇಳುವ ಬುದ್ಧಿ ಅವನಿಗೆ ಬರಲಿಲ್ಲ. ಅವನು ಆಗಲೇ ಗಂಡ ಹೆಂಡಿರು ಮಲಗುವ ನಡುಕೋಣೆಯ ಉದ್ದಗಲ ಅಳೆಯುತ್ತಿದ್ದ.

ಮನೆಯಲ್ಲಿ ಇದ್ದದ್ದೇ ಮೂರು ಕೋಣೆ. ಒಂದರಲ್ಲಿ ಅವನ ಅಮ್ಮ, ಒಂದು ಅಡುಗೆಮನೆ, ನಡುವಿನದು ಉದ್ಯಮಕ್ಕೆ ಹೋಯಿತು. ಮಂಚ ಜಗಲಿಗೆ ಬಂತು. ಕಿಟಕಿಗೆ ಒದ್ದೆ ಗೋಣಿ ಬಂತು. ಜಂತೆಯಿಂದ ಹನ್ನೆರಡು ಹಗ್ಗ ಇಳಿದವು, ಹಗ್ಗಕ್ಕೆ ಐದರಂತೆ ಅರವತ್ತು ಚೀಲ ತೂಗುವ ಲೆಕ್ಕ. ಮೇಡಂ ಹತ್ತು ಚೀಲದಿಂದ ಶುರುಮಾಡಿ ಎಂದಿದ್ದರು. ಹತ್ತು ಚೀಲ ಕಲಿಯುವವರಿಗೆ, ಪ್ರೊಪ್ರೈಟರ್ ಆದವನಿಗೆ ಅರವತ್ತು ಎಂದು ಅವನೇ ತೀರ್ಮಾನಿಸಿದ. ಬಾಗಿಲ ಮೇಲೆ ಬೋರ್ಡು ಬಂತು. ಅಣಬೆಯೊಂದು ಬಿಟ್ಟು ಎಲ್ಲವೂ ಬಂತು.

ಅಷ್ಟಕ್ಕೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಬಸ್‌ ನಿಲ್ದಾಣದ ಎದುರಿನ ಹೋಟೆಲಿಗೆ ಹೋಗಿ, ಗಲ್ಲಾದ ಮೇಲೆ ಕೂತಿದ್ದ ಯಜಮಾನರಿಗೆ ಕಾರ್ಡು ಕೊಟ್ಟು, ಮುಂದಿನ ತಿಂಗಳಿನಿಂದ ದಿನಕ್ಕೆ ಹತ್ತು ಕಿಲೋ ತಾಜಾ ಅಣಬೆ ತನ್ನದೇ ಎಂದು ಮಾತು ಕೊಟ್ಟು ಬಂದ. ಯಜಮಾನರು ಕಾರ್ಡನ್ನು ತಿರುಗಿಸಿ ನೋಡಿ, “ಹತ್ತು ಕಿಲೋನಾ?” ಎಂದರು. “ಸದ್ಯಕ್ಕೆ” ಎಂದ ಅವನು. ಆ ‘ಸದ್ಯಕ್ಕೆ’ ನೆನಪಾದಾಗಲೆಲ್ಲ ಅವನು ಈಗಲೂ ಹಣೆ ಚಚ್ಚಿಕೊಳ್ಳುತ್ತಾನೆ.

ತರಬೇತಿ ಕೇಂದ್ರದಿಂದ ಅಣಬೆ ಬೀಜ ಬಂದ ದಿನದ ಕಥೆಯೇ ಕಥೆ. ಪ್ಲಾಸ್ಟಿಕ್ ಪೊಟ್ಟಣಗಳನ್ನು ಜಗಲಿಯ ಮೇಲೆ ಇಟ್ಟು ಬಿಚ್ಚಿ ನೋಡಿದರೆ ಒಳಗಿರುವುದು ಜೋಳದ ಕಾಳು! ಅದೂ ಮೈತುಂಬ ಬಿಳಿ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದ ಜೋಳ. ಅವನಿಗೆ ಕಣ್ಣು ಕೆಂಪಾಯಿತು. ಅವನ ಅಮ್ಮ ಎದ್ದು ಬಂದು ಒಂದು ಕಾಳನ್ನು ಬೆರಳ ನಡುವೆ ಹಿಸುಕಿ, ಮೂಗಿಗೆ ಹಿಡಿದು ನೋಡಿದಳು. ಆ ಮನೆಯ ಬೀಜದ ಮಡಕೆಗಳೆಲ್ಲ ನಲವತ್ತು ವರ್ಷದಿಂದ ಅವಳ ಸುಪರ್ದಿನಲ್ಲಿವೆ. ಒಂದು ವರ್ಷವೂ ಒಂದು ಹಿಡಿ ಬೀಜ ಹುಳ ಬಿದ್ದು ಕೆಟ್ಟದ್ದಿಲ್ಲ.

“ನಿನ್ನ ಚೆನ್ನಾಗಿ ಏಮಾರಿಸಿದ್ದಾರೆ ಕಣಪ್ಪಾ. ತೇವಕ್ಕೆ ಬೂಷ್ಟು ಹಿಡಿದ ಬೀಜ ಇದು” ಎಂದಳು.

“ವಾಪಸು ಕೊಡ್ಲಾ ಅಮ್ಮ?”

“ವಾಪಸು ಯಾಕೆ, ಕಾಳು ಗಟ್ಟಿ ಇದೆ. ಬೂಷ್ಟು ತೊಳೆದು ಎರಡು ದಿನ ಬಿಸಿಲಿಗೆ ಹಾಕಿ ಬೂದಿ ಹಚ್ಚಿದ್ರೆ ಸರಿಹೋಗುತ್ತೆ.”

ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಮೆಲ್ಲನೆ, “ಏನ್ರೀ, ಒಂದ್ಸಲ ಮೇಡಂಗೆ ಫೋನ್ ಮಾಡಿ ಕೇಳಬಾರ್ದಾ?” ಎಂದಳು.

“ಬೀಜದ ವಿಷಯಕ್ಕಾ? ಅವರು ಪಟ್ಟಣದಲ್ಲಿ ಹುಟ್ಟಿದವರು ಕಣೇ. ಅವರಿಗೆ ಗೊತ್ತಾಗದೆ ಯಾರೋ ಕೆಟ್ಟ ಮಾಲು ದಾಟಿಸಿದ್ದಾರೆ. ಪಾಪ, ಅವರ ಮರ್ಯಾದೆ ಯಾಕೆ ತೆಗೀಬೇಕು?”

ಹೀಗೆ ಮೇಡಂ ಮರ್ಯಾದೆ ಉಳಿಸುವುದಕ್ಕಾಗಿ ತಾಯಿ ಮಗ ಸೇರಿ ಬೀಜವನ್ನು ಮೂರು ನೀರಿನಲ್ಲಿ ತೊಳೆದರು. ಅಂಗಳದಲ್ಲಿ ಚಾಪೆ ಹಾಸಿ ಹರವಿದರು. ಎರಡು ದಿನ ಸುಡುಬಿಸಿಲು. ಗಂಟೆಗೊಮ್ಮೆ ಅವನೇ ಕಾಲಿನಿಂದ ಕೆದಕಿ ಮಗುಚುತ್ತಿದ್ದ, ಕೋಳಿ ಬಂದರೆ ಓಡಿಸುತ್ತಿದ್ದ. ಮೂರನೇ ದಿನ ಕಾಳು ಹೊಳೆಯತೊಡಗಿತು. ಹಲ್ಲಿಗಿಟ್ಟರೆ ಟಕ್ ಎನ್ನುತ್ತಿತ್ತು. ಅಮ್ಮ ಬೂದಿ ಹಚ್ಚಿ ಕೈ ಕೊಡವಿ, “ಈಗ ನೋಡು, ಇದು ಬೀಜ” ಎಂದಳು. ಅದರಲ್ಲಿ ಒಂದು ಸೇರನ್ನು ಮುಂದಿನ ಸಲಕ್ಕೆ ಇರಲಿ ಎಂದು ಮಡಕೆಯಲ್ಲಿ ಹಾಕಿ ಬಾಯಿ ಕಟ್ಟಿಯೂ ಇಟ್ಟಳು. ವರ್ಷ ವರ್ಷ ಬೀಜ ಕೊಳ್ಳುವುದು ಮನೆತನಕ್ಕೆ ಅವಮಾನವಲ್ಲವೇ?

ಹುಲ್ಲು ಕತ್ತರಿಸಿ, ನೆನೆಹಾಕಿ, ಹಂಡೆಯಲ್ಲಿ ಕುದಿಸಿ, ನೀರು ಬಸಿದು, ಆರಿಸಿ, ಚೀಲಕ್ಕೆ ಒಂದು ಪದರ ಹುಲ್ಲು ಒಂದು ಪದರ ಬೀಜ ಹಾಕಿ ಬಿಗಿಯುವುದಕ್ಕೆ ನಾಲ್ಕು ದಿನ ಹಿಡಿಯಿತು. ಮೂವರ ಕೈಯಲ್ಲೂ ಬೊಬ್ಬೆ ಬಂದವು. ಅರವತ್ತು ಚೀಲ ಸಾಲಾಗಿ ತೂಗಿದ ಮೇಲೆ ಅವನು ಕೋಣೆಯ ನಡುವೆ ನಿಂತು ಸೊಂಟದ ಮೇಲೆ ಕೈಯಿಟ್ಟ. ದಿನಕ್ಕೆ ಮೂರು ಸಲ ನೀರು ಚಿಮುಕಿಸಿದ. ಬಂದವರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿ, “ಒಳಗೆ ಮಾತಾಡಬೇಡಿ, ಬೆಳೆ ಮಲಗಿದೆ” ಎನ್ನುತ್ತಿದ್ದ. ಬೆಳೆ ಮಲಗಿರಲಿಲ್ಲ, ಸತ್ತಿತ್ತು.

ಹದಿನೈದು ದಿನ ಕಳೆಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಹದಿನಾರನೇ ದಿನ ಬೆಳಗ್ಗೆ ಅವನು ಕೋಣೆಯಿಂದ ಕೂಗಿದ ಕೂಗಿಗೆ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಚೀಲಗಳ ಒಳಗೆ, ಪ್ಲಾಸ್ಟಿಕ್ಕಿಗೆ ಅಂಟಿದಂತೆ, ಅಲ್ಲಲ್ಲಿ ಎಳೆ ಹಸಿರು ಬಣ್ಣ. ಹಸಿರು! ಹುಟ್ಟಿದಂದಿನಿಂದ ಅವನು ಮಣ್ಣಿನಿಂದ ಬೇಡಿದ್ದು ಅದೊಂದನ್ನೇ. ಮಳೆಯಾದ ಮೇಲೆ ಹೊಲದಂಚಿನಲ್ಲಿ ನಿಂತು ಹುಡುಕುವುದು ಅದನ್ನೇ. ಅವನಿಗೆ ಕಣ್ಣಲ್ಲಿ ನೀರೇ ಬಂತು. ಕ್ಷೌರದಂಗಡಿಯವನನ್ನೂ, ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವನನ್ನೂ ಕರೆತಂದು ತೋರಿಸಿದ. ಅಕ್ಕಪಕ್ಕದವರು ಬಂದರು. ಎಲ್ಲರೂ ರೈತರೇ, ಎಲ್ಲರೂ ತಲೆದೂಗಿದರು. “ಮೊಳಕೆ ಚೆನ್ನಾಗಿ ಬಂದಿದೆ” ಎಂದರು. ವಾಸನೆ ಸ್ವಲ್ಪ ಜೋರಾಗಿದೆ ಎಂದು ಒಬ್ಬರು ಮೂಗು ಮುಚ್ಚಿಕೊಂಡಾಗ ಅವನು, “ಗೊಬ್ಬರದ ವಾಸನೆ ಇಲ್ದೆ ಬೆಳೆ ಬರುತ್ತೇನ್ರೀ?” ಎಂದು ಬಾಯಿ ಮುಚ್ಚಿಸಿದ.

ಅದೇ ಉತ್ಸಾಹದಲ್ಲಿ ಮೇಡಂಗೂ ಫೋನು ಮಾಡಿ, “ಹಸಿರು ಬಂದಿದೆ ಮೇಡಂ, ಬಂದು ನೋಡಲೇಬೇಕು” ಎಂದ. “ಏನು ಬಂದಿದೆ ಅಂದ್ರಿ?” ಎಂದು ಎರಡು ಸಲ ಕೇಳಿದ ಮೇಡಂ ಮಧ್ಯಾಹ್ನದ ಬಸ್ಸಿಗೇ ಬಂದರು. ಖುಷಿಗೆ ಬಂದರು ಎಂದು ಅವನು ತಿಳಿದ.

ಮೇಡಂ ಕೋಣೆಯೊಳಗೆ ಹೋದವರು ಕರವಸ್ತ್ರ ಮೂಗಿಗೆ ಹಿಡಿದುಕೊಂಡು ಹೊರಗೆ ಬಂದರು. ಜಗಲಿಯ ಮಂಚದ ಮೇಲೆ ಕೂತರು.

“ಇದು ರೋಗ. ಹಸಿರು ಬೂಷ್ಟು. ಅಣಬೆ ಚೀಲದಲ್ಲಿ ಯಾವತ್ತೂ ಹಸಿರು ಬರಬಾರದು. ಬೀಜ ಹಾಕೋಕೆ ಮುಂಚೆ ಏನು ಮಾಡಿದ್ರಿ, ಹೇಳಿ.”

“ಚೆನ್ನಾಗಿ ತೊಳೆದು, ಎರಡು ದಿನ ಬಿಸಿಲಲ್ಲಿ ಒಣಗಿಸಿ, ಬೂದಿ ಹಚ್ಚಿ ಹಾಕಿದ್ವಿ ಮೇಡಂ. ಪೂರಾ ಬಿಳಿ ಬೂಷ್ಟು ಹಿಡಿದಿತ್ತು. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ” ಎಂದ ಅವನು, ದೊಡ್ಡತನದಿಂದ.

ಮೇಡಂ ಕರವಸ್ತ್ರವನ್ನು ಮೂಗಿನಿಂದ ಇಳಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: “ಆ ಬಿಳಿ ಬೂಷ್ಟೇ ಅಣಬೆ. ಜೋಳ ಬೀಜ ಅಲ್ಲ, ಅದರ ಊಟ. ನೀವು ಬೆಳೇನ ತೊಳೆದು ಬಿಸಾಕಿ, ಅದರ ತಟ್ಟೇನ ಬಿತ್ತಿದ್ದೀರಿ.”

ಅವನ ಅಮ್ಮ ಎದ್ದು ಒಳಗೆ ಹೋದಳು. ಬೀಜದ ಮಡಕೆಯ ಬಾಯಿ ಬಿಚ್ಚಿ ಕಾಳು ಸುರಿದ ಸದ್ದಾಯಿತು. ಮೇಡಂ ನಗು ತಡೆಯಲು ನೋಡಿದರು, ಆಗಲಿಲ್ಲ, ನಕ್ಕುಬಿಟ್ಟರು. ನಕ್ಕ ಮೇಲೆ ಅವರೇ, “ತಪ್ಪು ನಿಮ್ಮೊಬ್ಬರದೇ ಅಲ್ಲ. ಅದಕ್ಕೆ ಬೀಜ ಅಂತ ಹೆಸರಿಟ್ಟವರು ನಾವು. ರೈತರ ಕೈಗೆ ಬೀಜ ಅಂತ ಕೊಟ್ರೆ ಬಿಸಿಲಿಗೆ ಹಾಕದೆ ಇನ್ನೇನು ಮಾಡ್ತಾರೆ? ಆದ್ರೆ ಪಾಠದಲ್ಲಿ ಇದನ್ನೇ ಒಂದೂವರೆ ಗಂಟೆ ಹೇಳಿದ್ನಲ್ಲಾ, ಎಲ್ಲಿದ್ರಿ?” ಎಂದರು. ಅವನ ಅಂಗಿಯ ಜೇಬಿನಲ್ಲಿ ಇನ್ನೂ ನೂರಕ್ಕೂ ಹೆಚ್ಚು ಕಾರ್ಡಿದ್ದವು. ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ.

ಅರವತ್ತು ಚೀಲಗಳನ್ನೂ ಊರ ಹೊರಗೆ ಒಯ್ದು ಗುಂಡಿ ತೋಡಿ ಮುಚ್ಚಬೇಕಾಯಿತು. ಗಾಡಿಯಲ್ಲಿ ಹೇರಿಕೊಂಡು ಹೋಗುವಾಗ ಕ್ಷೌರದಂಗಡಿಯವನು ಹೊರಗೆ ಬಂದು, “ಏನ್ ಉದ್ಯಮಿಗಳೇ, ಮೊದಲನೇ ಲೋಡಾ?” ಎಂದು ಕೇಳಿದ. ಆ ಹೊತ್ತಿಗೆ ಅವನಿಗೆ ನಗು ಬರಲಿಲ್ಲ. ಈಗ ಹೇಳುವಾಗ ಅವನೇ ಮೊದಲು ನಗುತ್ತಾನೆ.

ಆವತ್ತು ಹೆಂಡತಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಖಾಲಿ ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿ, ಕೋಣೆಯನ್ನು ಸುಣ್ಣದ ನೀರಿನಿಂದ ತೊಳೆದು, ಹಗ್ಗಗಳನ್ನು ಸುರುಳಿ ಸುತ್ತಿ ಮೂಲೆಯಲ್ಲಿಟ್ಟಳು. ಅವನಿಗೆ ಗೊತ್ತಿದ್ದದ್ದು ಒಂದೇ: ನಾನು ದೊಡ್ಡ ಮಾತಾಡಿ ಇವಳ ಕೈಯಲ್ಲಿದ್ದ ಕೆಲಸ ಬಿಡಿಸಿದೆ. ಹದಿನಾಲ್ಕು ವರ್ಷದ ಜಾಗ ಈಗ ಬೇರೆ ಯಾರಿಗೋ ಹೋಗಿದೆ. ಇನ್ನು ಇವಳು ಆ ಜಾಗಕ್ಕೆ ಹೋಗಿ ಕೈಮುಗಿದು ನಿಲ್ಲಬೇಕು, ಅದೂ ಸಿಕ್ಕರೆ. ಇದನ್ನೇ ಯೋಚಿಸುತ್ತ ಅವನು ಊಟದ ತಟ್ಟೆ ಸರಿಸಿ ಎದ್ದ.

ಮಾರನೇ ದಿನ ಬೆಳಗ್ಗೆ ಹೆಂಡತಿ ಏಳುವ ಮೊದಲೇ ಅವನು ಮೇಸ್ತ್ರಿ ಅಕ್ಕನ ಮನೆಗೆ ಹೋದ. ಅಕ್ಕ ಬುತ್ತಿ ಕಟ್ಟುತ್ತಿದ್ದಳು. ಅವನು ಮುಖ ಸಣ್ಣಗೆ ಮಾಡಿಕೊಂಡು, “ಅಕ್ಕ, ತಪ್ಪಾಯ್ತು. ಅವಳ ಜಾಗ ಯಾರಿಗಾದ್ರೂ ಕೊಟ್ಟಾಗಿದ್ರೂ, ಏನಾದ್ರೂ ಮಾಡಿ ಒಂದು ದಾರಿ ತೋರಿಸಿ” ಎಂದ.

ಅಕ್ಕ ಹುಬ್ಬು ಗಂಟಿಕ್ಕಿದಳು. “ಯಾರಿಗೆ ಕೊಡ್ಲಿ? ಅವಳು ಬಿಟ್ಟಿಲ್ವಲ್ಲಾ. ರಜಾ ತಾನೇ ಹಾಕಿದ್ದು?”

“ರಜಾನಾ?”

“‘ಎರಡು ತಿಂಗಳು ನನ್ನ ಜಾಗಕ್ಕೆ ಯಾರನ್ನೂ ಸೇರಿಸಬೇಡಿ ಅಕ್ಕ, ಅವರು ಏನೋ ಆಸೆಯಿಂದ ಮಾಡ್ತಿದ್ದಾರೆ, ಬೇಡ ಅನ್ನೋಕೆ ಮನಸ್ಸು ಬರಲ್ಲ, ಅದು ಆಗೋವರೆಗೂ ಮನೇಲಿರ್ತೀನಿ’ ಅಂದ್ಲು. ನಾನು ಹನ್ನೊಂದು ಜನರಲ್ಲೇ ಹೇಗೋ ಎಳೀತಿದ್ದೀನಿ. ನಿಮಗೆ ಹೇಳಿಲ್ವಾ?”

ಹೇಳಿರಲಿಲ್ಲ. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಇನ್ನೂರು ಕಾರ್ಡು ಹಂಚಲು ಹೊರಟ ಪ್ರೊಪ್ರೈಟರ್‌ನ ಹೆಂಡತಿ ಮೊದಲನೇ ದಿನವೇ ಹಿಂದಿನ ಬಾಗಿಲು ತೆರೆದಿಟ್ಟುಕೊಂಡು ಬಂದಿದ್ದಳು. ಒಂದು ಕಡೆ ಕೆನ್ನೆಗೆ ಹೊಡೆದಂತಾಯಿತು. ಇನ್ನೊಂದು ಕಡೆ, ದೇವರೇ, ಎಂಥ ಬುದ್ಧಿ ಇವಳದು ಎಂದು ಕಾಲಿಗೆ ಬೀಳುವಷ್ಟು ಸಮಾಧಾನವಾಯಿತು. ಎರಡೂ ಒಟ್ಟಿಗೇ ಬಂದದ್ದರಿಂದ ಯಾವುದಕ್ಕೆ ಅಳಬೇಕೋ ತಿಳಿಯದೆ ಅವನು, “ಅಕ್ಕ, ಆ ಜಾಗಕ್ಕೆ ನಾನು ಬರ್ತೀನಿ” ಎಂದುಬಿಟ್ಟ.

ಆ ಊರಿನಲ್ಲಿ ಗಂಡಸರು ಅಗೆಯುತ್ತಾರೆ, ಹೊರುತ್ತಾರೆ, ಉಳುತ್ತಾರೆ. ಕಳೆ ಕೀಳುವ ಸಾಲಿನಲ್ಲಿ ಮಾತ್ರ ಕೂರುವುದಿಲ್ಲ. ಮೇಸ್ತ್ರಿ ಅಕ್ಕ ಅವನನ್ನು ಮೇಲಿನಿಂದ ಕೆಳಗೆ ನೋಡಿ, “ಹೆಂಗಸರ ಕೂಲೀನೇ ಕೊಡೋದು” ಎಂದಳು. “ಅದಾದ್ರೂ ಕೊಡಿ” ಎಂದ.

ಹನ್ನೊಂದು ಹೆಂಗಸರು ಆ ದಿನ ನಕ್ಕ ನಗು ಮೂರು ಹೊಲ ದಾಟಿ ಕೇಳಿಸಿರಬೇಕು. “ಮಾಲೀಕರೇ, ಈ ಕಡೆ ಒಂದು ಬಿಟ್ರಿ ನೋಡಿ.” “ಪ್ರೊಪ್ರೈಟರ್‌ಗೆ ಒಂದು ಕುರ್ಚಿ ತರ್ರೇ.” “ಹುಷಾರು, ಕಿತ್ತ ಕಳೇನ ಬಿಸಿಲಿಗೆ ಹಾಕಿಬಿಟ್ಟಾರು!” ಅವನೂ ನಕ್ಕ. ಹತ್ತು ಗಂಟೆಯವರೆಗೆ ನಕ್ಕ. ಹತ್ತರ ನಂತರ ನಗಲು ಉಸಿರಿರಲಿಲ್ಲ. ಹನ್ನೆರಡಕ್ಕೆ ಸೊಂಟ ತನ್ನದಲ್ಲ ಎನಿಸಿತು. ಸಂಜೆ ಸಾಲಿನ ಕೊನೆಗೆ ಅವನೊಬ್ಬ ಉಳಿದಾಗ ಮೇಸ್ತ್ರಿ ಅಕ್ಕ ವಾಪಸು ಬಂದು ಅವನ ಪಾಲಿನ ಹತ್ತು ಮಾರು ಕಿತ್ತು ಮುಗಿಸಿ ಹೋದಳು. ಮನೆಗೆ ಬಂದವನು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ನೆಲದ ಮೇಲೆ ಬೋರಲು ಬಿದ್ದ. ಹೆಂಡತಿ ಒಲೆಯ ಮುಂದೆ ಇದ್ದಳು. ಹತ್ತು ನಿಮಿಷ ಬಿಟ್ಟು ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟಳು.

“ರಜಾ ಹಾಕಿದ್ಯಂತೆ” ಎಂದ ಅವನು, ನೆಲಕ್ಕೆ ಮುಖವಿಟ್ಟೇ.

“ಹೂಂ.”

“ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?”

“ನಿಮ್ಮ ಮೇಲಿತ್ತು. ಅಣಬೆ ಮೇಲೆ ಇರ್ಲಿಲ್ಲ.”

ಅವಳು ಸುಳ್ಳು ಹೇಳುತ್ತಿದ್ದಾಳೆ, ತನ್ನ ಮನಸ್ಸು ನೋಯಬಾರದೆಂದು ಹೇಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಅಷ್ಟು ಗೊತ್ತಾಗುವ ಬುದ್ಧಿ ಅವನಿಗೆ ಬಂದದ್ದೇ ಆ ದಿನ.

ಎರಡು ವಾರ ಅವನು ಕಳೆ ಕಿತ್ತ. ಆ ಕೂಲಿಯಲ್ಲಿ ಹೆಂಡತಿ ಹತ್ತು ಚೀಲಕ್ಕೆ ಆಗುವಷ್ಟು ಬೀಜ ತರಿಸಿದಳು. ಈ ಸಲ ಮೇಡಂಗೆ ಫೋನು ಮಾಡಿದವಳು ಅವಳೇ. ಎದುರಿಗೆ ನೋಟುಬುಕ್ಕು ಇಟ್ಟುಕೊಂಡು, ಅರ್ಥವಾಗದ್ದನ್ನು ಮೂರು ಮೂರು ಸಲ ಕೇಳಿ ಬರೆದುಕೊಂಡಳು. ಪೊಟ್ಟಣ ಬಂದ ಕೂಡಲೇ ಒಳಗಿಟ್ಟು ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಅತ್ತೆ ಮತ್ತು ಗಂಡನನ್ನು ಎದುರಿಗೆ ನಿಲ್ಲಿಸಿ, “ಇದನ್ನ ಯಾರಾದ್ರೂ ಬಿಸಿಲಿಗೆ ಹಾಕಿದ್ರೆ, ಅವರನ್ನೂ ಪಕ್ಕದಲ್ಲೇ ಹಾಕ್ತೀನಿ” ಎಂದಳು. “ಬೂಷ್ಟನ್ನೂ ದುಡ್ಡು ಕೊಟ್ಟು ತರೋ ಕಾಲ ಬಂತಲ್ಲಮ್ಮಾ” ಎಂದು ಅತ್ತೆ ಗೊಣಗಿದರೂ ಹುಲ್ಲು ಕತ್ತರಿಸಲು ಮೊದಲು ಕೂತವಳು ಅವಳೇ.

ಅಣಬೆ ಮೂಡಿದಾಗ ಉದ್ಯಮಿ ಸ್ಥಳದಲ್ಲಿರಲಿಲ್ಲ. ಯಾರದೋ ಹೊಲದಲ್ಲಿ ಬಗ್ಗಿದ್ದ. ಸಂಜೆ ಬಂದರೆ ಅಮ್ಮ ಬಾಗಿಲಲ್ಲೇ ತಡೆದು, “ಕಾಲು ತೊಳ್ಕೊಂಡು ಒಳಗೆ ಹೋಗು, ಹೊರಗಿನ ಮಣ್ಣು ಸೋಕಿದ್ರೆ ರೋಗ ಬರುತ್ತಂತೆ” ಎಂದಳು. ತೊಳೆದುಕೊಂಡು ಹೋದ. ಹತ್ತು ಚೀಲಗಳ ತೂತುಗಳಿಂದ ಬಿಳಿಯ ಗೊಂಚಲುಗಳು ಕಿವಿಯಂತೆ ಹೊರಗೆ ಚಾಚಿದ್ದವು. ಎಲ್ಲೂ ಒಂದು ಚೂರು ಹಸಿರಿಲ್ಲ. ಅವನು ಕೈ ಹಿಂದೆ ಕಟ್ಟಿಕೊಂಡು, ಏನನ್ನೂ ಮುಟ್ಟದೆ, ಮದುವೆಮನೆಗೆ ಕರೆಯದೆ ಬಂದವನಂತೆ ಒಂದು ಮೂಲೆಯಲ್ಲಿ ನಿಂತು ನೋಡಿದ.

ಮಾರುವ ಕೆಲಸವನ್ನಾದರೂ ತನಗೆ ಬಿಡುತ್ತಾಳೆ ಎಂದುಕೊಂಡಿದ್ದ. ಅವಳು ಬಿಡಲಿಲ್ಲ. ಅವಳು ಹೋಟೆಲಿನ ಮುಂಬಾಗಿಲಿಗೆ ಹೋಗದೆ ಹಿಂಬಾಗಿಲಿಗೆ ಹೋಗಿ, ಈರುಳ್ಳಿ ಹೆಚ್ಚುತ್ತ ಕೂತಿದ್ದ ಅಡುಗೆಯವನ ಮುಂದೆ ಒಂದು ಬುಟ್ಟಿ ಇಟ್ಟು, “ಅಣ್ಣ, ಮಾಡಿ ನೋಡಿ. ಚೆನ್ನಾಗಿದ್ರೆ ಹೇಳಿ, ಇಲ್ದಿದ್ರೆ ಏನು ತಪ್ಪು ಅಂತ ಹೇಳಿ” ಎಂದಳಂತೆ. ಅಡುಗೆಯವನು ಎಷ್ಟು ಕೊಡ್ತೀಯಮ್ಮ ಎಂದು ಕೇಳಿದರೆ, “ವಾರಕ್ಕೆ ಎರಡು ಸಲ, ಎರಡೆರಡು ಕಿಲೋ. ಅದಕ್ಕಿಂತ ಜಾಸ್ತಿ ಈಗ ಆಗಲ್ಲ” ಎಂದಳಂತೆ. ಯಜಮಾನರು ಗಲ್ಲಾದಿಂದಲೇ, “ನಿಮ್ಮ ಯಜಮಾನ್ರು ದಿನಕ್ಕೆ ಹತ್ತು ಅಂದಿದ್ರಲ್ಲಾ?” ಎಂದು ಛೇಡಿಸಿದಾಗ, “ಅವರು ಮಾತಾಡೋ ವಿಭಾಗ, ನಾನು ಬೆಳೆಯೋ ವಿಭಾಗ” ಎಂದಳಂತೆ. ಇದನ್ನು ಅಡುಗೆಯವನೇ ಅವನಿಗೆ ಹೇಳಿ ನಕ್ಕದ್ದು. ವಾರಕ್ಕೆ ಹತ್ತು ಚೀಲದಂತೆ ಸರದಿ ಇಟ್ಟು, ಒಂದು ತಂಡ ಮುಗಿಯುವಾಗ ಇನ್ನೊಂದು ಮೂಡುವ ಹಾಗೆ ಅವಳು ಕೋಣೆ ತುಂಬಿದಳು. ಎರಡು ಎಂದರೆ ಎರಡು, ಆಮೇಲೆ ನಾಲ್ಕು ಎಂದರೆ ನಾಲ್ಕು. ಒಂದು ವಾರವೂ ತಪ್ಪಲಿಲ್ಲ.

ಹೀಗೆ ಆರು ತಿಂಗಳಾಯಿತು. ಈ ಆರು ತಿಂಗಳೂ ಹನ್ನೆರಡನೇ ಜಾಗದಲ್ಲಿ ಅವನೇ ಕೂತ. ಬೇಡ ಎಂದು ಅವಳೂ ಅನ್ನಲಿಲ್ಲ, ಬಿಡುತ್ತೇನೆ ಎಂದು ಅವನೂ ಅನ್ನಲಿಲ್ಲ. ಆ ಜಾಗ ಕೈಯಲ್ಲಿರುವವರೆಗೆ ಅವಳಿಗೆ ಧೈರ್ಯ ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ಬಿಡು ಎಂದು ಹೇಳುವ ಹಕ್ಕನ್ನು ತಾನು ಅಂಗಳದಲ್ಲಿ ಹರವಿ ಒಣಗಿಸಿಬಿಟ್ಟಿದ್ದೇನೆ ಎಂಬುದೂ ಗೊತ್ತಿತ್ತು.

ಬಿತ್ತನೆ ಮುಗಿದು ಹೊಸ ಕಳೆಯ ಕೆಲಸ ಶುರುವಾಗುವ ಮುನ್ನಾದಿನ ಬೆಳಗ್ಗೆ ಮೇಸ್ತ್ರಿ ಅಕ್ಕ ಮನೆಗೇ ಬಂದಳು. ಜಗಲಿಯ ಮೇಲೆ ಕೂರದೆ ನಿಂತೇ ಮಾತಾಡಿದಳು.

“ನೋಡಮ್ಮ, ಇಷ್ಟು ದಿನ ಹೇಗೋ ನಡೀತು. ಈ ಸಲ ಜಮೀನಿನವರು ವರ್ಷಕ್ಕೆ ಹನ್ನೆರಡು ಹೆಸರು ಬರೆದುಕೊಡು ಅಂದಿದ್ದಾರೆ. ಬರೆದ ಮೇಲೆ ಬದಲಾಯ್ಸೋ ಹಾಗಿಲ್ಲ. ನಿನ್ನ ಹೆಸರು ಬರೀಲಾ? ಇಲ್ಲಾಂದ್ರೆ ನನ್ನ ತಂಗಿ ಸೊಸೆ ಕಾಯ್ತಿದ್ದಾಳೆ, ಅವಳದ್ದು ಬರೀತೀನಿ. ಒಂದು ಮಾತು ಹೇಳಿಬಿಡು.”

ಹೆಂಡತಿ ಹಂಡೆಯ ಮುಂದೆ ಇದ್ದಳು, ಕುದಿಸಿದ ಹುಲ್ಲು ಬಸಿಯುತ್ತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಅಕ್ಕನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಹುಟ್ಟಿದಂದಿನಿಂದ ಬಾಯಿಗೆ ಬೀಗವಿಲ್ಲದ ಮನುಷ್ಯ ಅವನು. ಮೂರು ದಿನದ ತರಬೇತಿಗೆ ಮೂವತ್ತು ದಿನದ ಭಾಷಣ ಮಾಡಿದವನು. ಈಗ ಅವನು ಮಾತನ್ನು ಆರಿಸತೊಡಗಿದ. ಬರುತ್ತೆ ಕಣೇ ಎನ್ನಬಹುದಿತ್ತು, ಬಿಡು ನಾನಿದ್ದೀನಿ ಎನ್ನಬಹುದಿತ್ತು. ಯಾವ ಮಾತು ತೆಗೆದರೂ ಅದಕ್ಕೆ ಹಳೆಯ ಪ್ರೊಪ್ರೈಟರ್‌ನ ವಾಸನೆ ಹೊಡೆಯುತ್ತಿತ್ತು.

“ನನಗೆ ಗೊತ್ತಾಗಲ್ಲ ಕಣೇ. ಕೋಣೆ ನಿಂದು, ಸೊಂಟ ನಿಂದು. ನೀನು ಹೇಳಿದ್ದೇ ಸರಿ” ಎಂದ. ಆ ಮನೆಯಲ್ಲಿ ಅವನು ಮಾಡಿದ ಭಾಷಣಗಳಲ್ಲೆಲ್ಲ ಅದೇ ಚಿಕ್ಕದು.

ಅವಳು ಹುಲ್ಲಿನ ಒಂದು ಹಿಡಿಯನ್ನು ಅಂಗೈಯಲ್ಲಿ ಹಿಂಡಿ, ತೇವ ಸರಿಯಾಗಿದೆಯೇ ಎಂದು ನೋಡಿದಳು. ಅದನ್ನು ಬುಟ್ಟಿಗೆ ಹಾಕಿದಳು. ಕೈ ಒರೆಸಿಕೊಂಡಳು. ಅವನಿಗೆ ಆ ಹೊತ್ತು ಇಪ್ಪತ್ತೈದು ದಿನಕ್ಕಿಂತ ಉದ್ದವಾಗಿ ಕಂಡಿತು.

“ನಿಮ್ಮ ತಂಗಿ ಸೊಸೇದೇ ಬರ್ಕೊಳ್ಳಿ ಅಕ್ಕ” ಎಂದಳು. “ನಾನಿನ್ನು ಬರಲ್ಲ.”

ಮೇಸ್ತ್ರಿ ಅಕ್ಕ, “ಆಯ್ತಮ್ಮ. ಒಳ್ಳೇದಾಗ್ಲಿ” ಎಂದ ಮೇಲೂ ಒಂದು ಗಳಿಗೆ ಅಲ್ಲೇ ನಿಂತಳು. ಹದಿನಾಲ್ಕು ವರ್ಷ ಪಕ್ಕ ಪಕ್ಕ ಬಗ್ಗಿದವರು. ಆಮೇಲೆ ಅವನ ಕಡೆ ಗದ್ದ ಎತ್ತಿ ತೋರಿಸಿ ಕೇಳಿದಳು: “ಇವರು?”

“ಇವರನ್ನ ನಾನು ಇಟ್ಕೋತೀನಿ” ಎಂದಳು ಅವಳು. “ಹುಲ್ಲು ಹೊರೋಕೆ ಒಬ್ಬರು ಬೇಕು.”

ಅವನು ಸರಕ್ಕನೆ ತಿರುಗಿ, ಹುಲ್ಲಿನ ಬುಟ್ಟಿ ಎತ್ತಿ ಹೆಗಲಿಗೇರಿಸಿಕೊಂಡು ಕೋಣೆಯೊಳಗೆ ಹೋದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹೊರಗಿನಿಂದ ಹೆಂಡತಿ, “ಕಾಲು ತೊಳ್ಕೊಂಡ್ರಾ?” ಎಂದು ಕೂಗಿದಳು. ತೊಳೆದುಕೊಂಡಿರಲಿಲ್ಲ. ಅವನು ಬುಟ್ಟಿ ಹೊತ್ತವನು ಹಾಗೇ ಹಿಂದಕ್ಕೆ ಬಂದು, ತೊಟ್ಟಿಯ ಹತ್ತಿರ ಬುಟ್ಟಿ ಇಳಿಸಿ ಒಂದೊಂದೇ ಕಾಲು ತೊಳೆದುಕೊಂಡ.